ನಿಮ್ಮ ಮೇಜಿಗೆ ಸರ್ವರ್ ಪ್ರೊಸೆಸರ್ ಬೇಕೇ?

ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೊರಟವರಿಗೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್ ಅಂಗಡಿಯಲ್ಲಾಗಲಿ, ಒಂದು ಆಮಿಷ ಎದುರಾಗುತ್ತದೆ. ಆರು ಕೋರ್‌ಗಳ ಮಾಮೂಲಿ ಪ್ರೊಸೆಸರ್ ಕೇಳಲು ಹೋದರೆ, ಅದಕ್ಕಿಂತ ಕಡಿಮೆ ದುಡ್ಡಿಗೆ ಹದಿನಾಲ್ಕು ಕೋರ್‌ಗಳ ಹಳೆಯ ಇಂಟೆಲ್ ಜಿಯಾನ್ ಸರ್ವರ್ ಪ್ರೊಸೆಸರ್ ಕಣ್ಣಿಗೆ ಬೀಳುತ್ತದೆ. ಕೈಯಲ್ಲಿ ಸ್ವಲ್ಪ ಹೆಚ್ಚು ಕಾಸಿರುವವರಿಗೆ ಎಎಂಡಿಯ ಎಪಿಕ್ ಹೆಸರು ಕೇಳಿಬರುತ್ತದೆ. ‘ಸರ್ವರ್ ಮಾಲು ಸಾರ್, ಹಗಲೂ ರಾತ್ರಿ ಓಡಿದರೂ ಏನೂ ಆಗಲ್ಲ’ ಎಂಬ ಭರವಸೆಯೂ ಜೊತೆಗೆ ಸಿಗುತ್ತದೆ. ಬ್ಯಾಂಕುಗಳು, ರೈಲ್ವೆ ಟಿಕೆಟ್ ವ್ಯವಸ್ಥೆಗಳು ಇಂಥ ಪ್ರೊಸೆಸರುಗಳನ್ನು ನಂಬಿ ನಡೆಯುತ್ತವೆ ಎಂದಮೇಲೆ ಮನೆಯ ಕಂಪ್ಯೂಟರಿಗೂ ಅದೇ ಒಳ್ಳೆಯದಲ್ಲವೇ ಎಂದು ಅನ್ನಿಸುವುದು ಸಹಜ. ಮಗಳ ಎಂಜಿನಿಯರಿಂಗ್ ಓದಿಗೆ ಕಂಪ್ಯೂಟರ್ ಕೊಡಿಸುವ ತಂದೆ, ಸ್ಟುಡಿಯೊಗೆ ಹೊಸ ಯಂತ್ರ ತರುವ ವಿಡಿಯೊ ಸಂಕಲನಕಾರ, ಕಚೇರಿಗೆ ನಾಲ್ಕು ಕಂಪ್ಯೂಟರ್ ಬೇಕೆನ್ನುವ ಲೆಕ್ಕಪರಿಶೋಧಕಿ, ಎಲ್ಲರೂ ಈ ಹೊಯ್ದಾಟಕ್ಕೆ ಸಿಲುಕುತ್ತಾರೆ. ದುಡ್ಡು ಸಣ್ಣದಲ್ಲ, ಒಮ್ಮೆ ಕೊಂಡರೆ ಐದಾರು ವರ್ಷ ಅದರೊಂದಿಗೇ ಬಾಳಬೇಕು. ಹಾಗಾಗಿ ಸರ್ವರ್ ಪ್ರೊಸೆಸರಿನ ಹಿರಿಮೆ ನಿಜವಾಗಿ ಎಲ್ಲಿದೆ, ಆ ಹಿರಿಮೆ ನಮ್ಮ ಕೆಲಸಕ್ಕೆ ಎಷ್ಟು ಒದಗುತ್ತದೆ ಎಂಬುದನ್ನು ಆಧಾರ ಹಿಡಿದು ನೋಡುವುದು ಒಳ್ಳೆಯದು.

ಮೊದಲು ತಿಳಿಯಬೇಕಾದ ಸಂಗತಿ, ಎರಡೂ ಬಗೆಯ ಪ್ರೊಸೆಸರುಗಳ ಒಳಗಿನ ಕೋರ್ ಬಹುಮಟ್ಟಿಗೆ ಒಂದೇ. 2022ರಲ್ಲಿ ಎಎಂಡಿ ಎರಡು ಪ್ರೊಸೆಸರುಗಳನ್ನು ಹೊರತಂದಿತು. ರೈಜನ್ 9 7950ಎಕ್ಸ್ ಮನೆ-ಕಚೇರಿಯ ಕಂಪ್ಯೂಟರಿಗೆ, ಎಪಿಕ್ 9654 ಡೇಟಾ ಸೆಂಟರಿಗೆ. ಮೊದಲನೆಯದರಲ್ಲಿ 16 ಕೋರ್, ಎರಡನೆಯದರಲ್ಲಿ 96. ಬಿಡುಗಡೆಯ ಹೊತ್ತಿಗೆ ಮೊದಲನೆಯದರ ಬೆಲೆ 699 ಡಾಲರ್, ಎರಡನೆಯದರದು 11,805 ಡಾಲರ್, ಅಂದರೆ ಹೆಚ್ಚುಕಡಿಮೆ ಹದಿನೇಳು ಪಟ್ಟು. ಆದರೆ ಮುಚ್ಚಳ ತೆಗೆದು ನೋಡಿದರೆ ಎರಡರಲ್ಲೂ ಕಾಣುವುದು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯಲ್ಲಿ 5 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ ತಯಾರಾದ, ಎಂಟೆಂಟು ಕೋರ್‌ಗಳ ಅದೇ ಸಿಲಿಕಾನ್ ತುಣುಕು. ರೈಜನ್‌ನಲ್ಲಿ ಅಂಥವು ಎರಡು, ಎಪಿಕ್‌ನಲ್ಲಿ ಹನ್ನೆರಡು. ಸರ್ವರ್‌ಗೆಂದು ಬೇರೆಯೇ ಜಾತಿಯ ಬಲಿಷ್ಠ ಕೋರ್ ಅಲ್ಲಿಲ್ಲ. ಬೇರೆಯಾಗಿರುವುದು ಆ ಕೋರ್‌ಗಳ ಸಂಖ್ಯೆ, ಅವು ಓಡುವ ವೇಗ, ಸುತ್ತಲಿನ ಮೆಮೊರಿ ಮತ್ತು ಸಂಪರ್ಕ ದಾರಿಗಳು. ಸರ್ವರ್ ಪ್ರೊಸೆಸರನ್ನು ಡೆಸ್ಕ್‌ಟಾಪಿನದಕ್ಕಿಂತ ಒಂದು ಮೆಟ್ಟಿಲು ಮೇಲಿನದೆಂದು ಎಣಿಸುವುದು ಇದರಿಂದಲೇ ತಪ್ಪಾಗುತ್ತದೆ. ಎರಡೂ ಒಂದೇ ನೆಲದ ಮೇಲೆ ಬೇರೆ ಬೇರೆ ದಿಕ್ಕಿಗೆ ಮುಖಮಾಡಿ ನಿಂತಿವೆ. ನಮ್ಮ ಕೆಲಸ ಯಾವ ದಿಕ್ಕಿನದು ಎಂಬುದೇ ಆಯ್ಕೆಯನ್ನು ತೀರ್ಮಾನಿಸಬೇಕು.

ಆ ದಿಕ್ಕುಗಳು ಬೇರೆಯಾದದ್ದಕ್ಕೆ ವಿದ್ಯುತ್ತು ಕಾರಣ. ಪ್ರೊಸೆಸರ್ ನುಂಗುವ ವಿದ್ಯುತ್ ಅದರ ವೇಗದ ಜೊತೆಗೂ ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗಿ ಬರುವುದರಿಂದ, ತುತ್ತತುದಿಯ ಒಂದಿಷ್ಟು ವೇಗಕ್ಕೆ ತೆರುವ ವಿದ್ಯುತ್ ಬಹಳ ದುಬಾರಿ. ರೈಜನ್ 9 7950ಎಕ್ಸ್ ಒಂದು ಕೋರನ್ನು 5.7 ಗಿಗಾಹರ್ಟ್ಸ್‌ವರೆಗೆ ಓಡಿಸಬಲ್ಲದು, ಅದಕ್ಕೆ ಕಂಪನಿ ಹೇಳುವ ವಿದ್ಯುತ್ ಅಂಕಿ 170 ವಾಟ್. ಎಪಿಕ್ 9654ರ ಅಂಕಿ 360 ವಾಟ್, ಗರಿಷ್ಠ ವೇಗ 3.7 ಗಿಗಾಹರ್ಟ್ಸ್. ಕೋರ್‌ಗಳಿಗೆ ಸಮನಾಗಿ ಹಂಚಿ ನೋಡಿದರೆ ರೈಜನ್‌ನ ಒಂದು ಕೋರ್‌ಗೆ ಹತ್ತು ವಾಟ್‌ಗೂ ಮೀರಿ ಸಿಗುತ್ತದೆ, ಎಪಿಕ್‌ನ ಒಂದು ಕೋರ್‌ಗೆ ನಾಲ್ಕು ವಾಟ್ ಕೂಡ ಸಿಗುವುದಿಲ್ಲ. ಇದು ಇವತ್ತಿನ ಕಥೆಯೂ ಅಲ್ಲ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ, ಡನಿಂಗ್‌ಟನ್ ಎಂಬ ಒಳಹೆಸರಿನ ಜಿಯಾನ್ 7400 ಸರಣಿಯನ್ನು ವಿನ್ಯಾಸ ಮಾಡಿದ್ದು ಬೆಂಗಳೂರಿನ ತಂಡ. 190 ಕೋಟಿ ಟ್ರಾನ್ಸಿಸ್ಟರುಗಳ, ಆರು ಕೋರ್‌ಗಳ ಆ ಸರ್ವರ್ ಪ್ರೊಸೆಸರಿನ ಅತಿ ವೇಗದ ಮಾದರಿ ಓಡುತ್ತಿದ್ದದ್ದು 2.66 ಗಿಗಾಹರ್ಟ್ಸ್‌ನಲ್ಲಿ. ಅದೇ ಪೀಳಿಗೆಯ ಕೋರ್ ಹೊತ್ತು ಅದೇ ವರ್ಷ ಬಂದ ಎರಡು ಕೋರ್‌ಗಳ ಡೆಸ್ಕ್‌ಟಾಪ್ ಪ್ರೊಸೆಸರ್ ಕೋರ್ 2 ಡ್ಯುಯೊ ಇ8600 ಓಡುತ್ತಿದ್ದದ್ದು 3.33ರಲ್ಲಿ. ಸರ್ವರ್ ಪ್ರೊಸೆಸರ್ ವೇಗವನ್ನು ಬಿಟ್ಟುಕೊಟ್ಟು ಸಂಖ್ಯೆಯನ್ನು ಪಡೆಯುತ್ತದೆ. ಇದು ವಿನ್ಯಾಸಕಾರರು ತಿಳಿದೇ ಮಾಡಿಕೊಂಡ ಒಪ್ಪಂದ.

ಆ ಒಪ್ಪಂದ ಸರ್ವರ್‌ಗೆ ಲಾಭ ತರುವುದು ಅಲ್ಲಿನ ಕೆಲಸದ ಸ್ವಭಾವದಿಂದ. ಒಂದು ಬ್ಯಾಂಕಿನ ಸರ್ವರ್‌ಗೆ ಒಂದೇ ಕ್ಷಣದಲ್ಲಿ ಸಾವಿರಾರು ಗ್ರಾಹಕರ ಕೋರಿಕೆಗಳು ಬರುತ್ತವೆ. ಒಬ್ಬರ ಕೋರಿಕೆಗೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲದ ಕಾರಣ ಒಂದೊಂದನ್ನು ಒಂದೊಂದು ಕೋರ್‌ಗೆ ಹಂಚಿಬಿಡಬಹುದು. ಒಬ್ಬ ಗ್ರಾಹಕನಿಗೆ ಉತ್ತರ ಕಣ್ಣೆವೆಯಷ್ಟು ತಡವಾದರೂ ತೊಂದರೆಯಿಲ್ಲ, ಗಂಟೆಯೊಂದರಲ್ಲಿ ಒಟ್ಟು ಎಷ್ಟು ಕೋರಿಕೆ ತೀರಿತು ಎಂಬುದೇ ಅಲ್ಲಿ ಮುಖ್ಯ. ಮೇಜಿನ ಕಂಪ್ಯೂಟರಿನ ಮುಂದೆ ಕೂತವನು ಒಬ್ಬನೇ. ಅವನು ಒಂದು ಗುಂಡಿ ಒತ್ತುತ್ತಾನೆ, ಫಲ ಕಾಣುವವರೆಗೆ ಕಾಯುತ್ತಾನೆ. ಮದುವೆಮನೆಯ ಅಡುಗೆಭಟ್ಟರ ತಂಡ ಐನೂರು ಎಲೆಗೆ ಸಲೀಸಾಗಿ ಬಡಿಸುತ್ತದೆ, ಆದರೆ ಒಂದೇ ಒಂದು ಲೋಟ ಕಾಫಿ ಬೇಗ ಬೇಕೆಂದರೆ ಮನೆಯ ಒಲೆಯೇ ಮುಂದು. ನಾವು ನಿತ್ಯ ಮಾಡುವ ಕೆಲಸಗಳಲ್ಲಿ ಹೆಚ್ಚಿನವು ಈ ಒಂದು ಲೋಟ ಕಾಫಿಯ ಜಾತಿಗೆ ಸೇರಿದವು. ಬ್ರೌಸರಿನಲ್ಲಿ ಒಂದು ಪುಟದ ಜಾವಾಸ್ಕ್ರಿಪ್ಟ್ ಮುಖ್ಯವಾಗಿ ಒಂದೇ ಕೋರ್‌ನ ಮೇಲೆ ಸಾಗುತ್ತದೆ. ಆಟೊಕ್ಯಾಡ್‌ನಲ್ಲಿ ನಕ್ಷೆ ಎಳೆಯುವ ಕೆಲಸವೂ ಬಹುಪಾಲು ಹಾಗೆಯೇ. ಆಟಗಳಲ್ಲಿ ಹಲವು ಕೋರ್‌ಗಳಿಗೆ ಕೆಲಸ ಹಂಚಿಕೆಯಾದರೂ ಎಲ್ಲವನ್ನೂ ಹೊಂದಿಸುವ ಒಂದು ಮುಖ್ಯ ಎಳೆಯ ವೇಗವೇ ಒಟ್ಟು ವೇಗವನ್ನು ಕಟ್ಟಿಹಾಕುತ್ತದೆ. ಅಲ್ಲೆಲ್ಲ ತೊಂಬತ್ತು ಕೋರ್‌ಗಳು ಸುಮ್ಮನೆ ಕೂತು, ಕೆಲಸ ಮಾಡುವ ಒಂದೆರಡು ಕೋರ್ ನಿಧಾನವಾಗಿ ಓಡಿದರೆ ಬಳಕೆದಾರನಿಗೆ ಸಿಗುವುದು ಕಾಯುವ ಶಿಕ್ಷೆ ಮಾತ್ರ.

‘ನನ್ನ ಕೆಲಸ ಹಾಗಲ್ಲ, ವಿಡಿಯೊ ರೆಂಡರ್ ಮಾಡುತ್ತೇನೆ, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುತ್ತೇನೆ, ಕೋರ್ ಹೆಚ್ಚಿದ್ದಷ್ಟೂ ನನಗೆ ಒಳ್ಳೆಯದು’ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ, ಆದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಆ ಲೆಕ್ಕವನ್ನು ಜೀನ್ ಆಮ್‌ಡಾಲ್ ಎಂಬ ಕಂಪ್ಯೂಟರ್ ವಿಜ್ಞಾನಿ 1967ರಲ್ಲೇ ಮುಂದಿಟ್ಟರು. ಯಾವುದೇ ಕೆಲಸದಲ್ಲಿ ಹಂಚಲಾಗದ, ಒಂದಾದ ಮೇಲೊಂದು ಆಗಲೇಬೇಕಾದ ಒಂದು ಪಾಲು ಇರುತ್ತದೆ, ಎಷ್ಟು ಕೋರ್ ಸೇರಿಸಿದರೂ ಆ ಪಾಲು ಕುಗ್ಗುವುದಿಲ್ಲ ಎಂಬುದು ಅದರ ತಿರುಳು. ಆ ಪಾಲು ನೂರಕ್ಕೆ ಹತ್ತು ಎಂದುಕೊಳ್ಳೋಣ. 16 ಕೋರ್‌ಗಳಲ್ಲಿ ಕೆಲಸ 6.4 ಪಟ್ಟು ಬೇಗ ಮುಗಿಯುತ್ತದೆ. 96 ಕೋರ್‌ಗಳಲ್ಲಿ 9.1 ಪಟ್ಟು. ಕೋರ್ ಆರು ಪಟ್ಟು ಹೆಚ್ಚಾದರೂ ಗಳಿಕೆ ಒಂದೂವರೆ ಪಟ್ಟನ್ನೂ ಮುಟ್ಟಲಿಲ್ಲ. ಇದರ ಮೇಲೆ ಸರ್ವರ್‌ನ ಪ್ರತಿ ಕೋರ್ ಸುಮಾರು ಮೂರನೇ ಒಂದು ಪಾಲು ನಿಧಾನ ಎಂಬುದನ್ನೂ ಸೇರಿಸಿದರೆ ಆ 9.1 ಎಂಬುದು 6.1ರ ಸುತ್ತ ಬಂದು ನಿಲ್ಲುತ್ತದೆ. ಅಂದರೆ ಹದಿನೇಳು ಪಟ್ಟು ಬೆಲೆಯ ಪ್ರೊಸೆಸರ್ ಈ ಕೆಲಸದಲ್ಲಿ ಅಗ್ಗದ ಪ್ರೊಸೆಸರಿಗಿಂತ ಒಂದು ಕೂದಲೆಳೆ ಹಿಂದೆಯೇ ಉಳಿಯುತ್ತದೆ. ಹಂಚಲಾಗದ ಪಾಲು ನೂರಕ್ಕೆ ಒಂದೇ ಆಗಿದ್ದರೆ ಚಿತ್ರ ಬದಲಾಗುತ್ತದೆ. ಆಗ 16 ಕೋರ್‌ಗಳು 13.9 ಪಟ್ಟು ಕೊಟ್ಟರೆ, 96 ಕೋರ್‌ಗಳು ವೇಗದ ಕೊರತೆಯನ್ನು ಕಳೆದ ಮೇಲೂ 33 ಪಟ್ಟಿನಷ್ಟು ಕೊಡುತ್ತವೆ. ಸರ್ವರ್ ಪ್ರೊಸೆಸರ್ ಗೆಲ್ಲುವ ಕೆಲಸಗಳು ಖಂಡಿತ ಇವೆ. ಆದರೆ ಅವು ನೂರಕ್ಕೆ ತೊಂಬತ್ತೊಂಬತ್ತು ಪಾಲು ಹಂಚಬಲ್ಲ ಕೆಲಸಗಳು. ಬ್ಲೆಂಡರ್‌ನಲ್ಲಿ ಅನಿಮೇಷನ್ ರೆಂಡರ್ ಮಾಡುವುದು ಆ ಸಾಲಿನದು. ಟೈಮ್‌ಲೈನ್ ಮೇಲೆ ವಿಡಿಯೊ ಕತ್ತರಿಸಿ ಜೋಡಿಸುವುದು ಆ ಸಾಲಿನದಲ್ಲ.

ಕೋರ್‌ಗಳನ್ನು ಬಿಟ್ಟು ಮೆಮೊರಿಯ ಕಡೆ ತಿರುಗಿದರೆ ಸರ್ವರ್ ಪ್ರೊಸೆಸರಿನ ಗಟ್ಟಿಯಾದ ವಾದ ಕಾಣುತ್ತದೆ. ಡೆಸ್ಕ್‌ಟಾಪ್ ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ಎರಡು ಚಾನೆಲ್‌ಗಳಿದ್ದರೆ ಎಪಿಕ್ 9654ಕ್ಕೆ ಹನ್ನೆರಡಿವೆ. ಕಂಪನಿ ಹೇಳುವ ರ‍್ಯಾಮ್ ವೇಗದಲ್ಲಿ ರೈಜನ್ 7950ಎಕ್ಸ್ ಸೆಕೆಂಡಿಗೆ 83.2 ಜಿಬಿ ಮಾಹಿತಿ ಎಳೆದುಕೊಳ್ಳಬಲ್ಲದು, ಎಪಿಕ್ 460.8 ಜಿಬಿ. ರ‍್ಯಾಮಿನ ಒಟ್ಟು ಗಾತ್ರದಲ್ಲಿ ಅಂತರ ಇನ್ನೂ ದೊಡ್ಡದು. ರೈಜನ್‌ಗೆ ಬಿಡುಗಡೆಯ ಹೊತ್ತಿಗೆ 128 ಜಿಬಿ ಮಿತಿಯಿತ್ತು, ಎಪಿಕ್‌ಗೆ 6 ಟಿಬಿ. ಗ್ರಾಫಿಕ್ಸ್ ಕಾರ್ಡು, ಎಸ್‌ಎಸ್‌ಡಿಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಗಳು ಒಂದರಲ್ಲಿ 24, ಇನ್ನೊಂದರಲ್ಲಿ 128. ಗಾಳಿಯ ಹರಿವು, ಹವಾಮಾನ ಮುಂತಾದವನ್ನು ಗಣಿತದಲ್ಲಿ ಕಟ್ಟಿ ನೋಡುವ ಸಿಮ್ಯುಲೇಷನ್‌ಗಳಿಗೆ ಈ ಅಂಕಿಗಳೇ ಪ್ರಾಣ. ಈಚೆಗೆ ಹಲವರು ಮನೆಯಲ್ಲೇ ಓಡಿಸಲು ಬಯಸುವ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳಿಗೂ ಹೀಗೆಯೇ. 40 ಜಿಬಿ ಗಾತ್ರದ ಮಾದರಿಯೊಂದು ಗ್ರಾಫಿಕ್ಸ್ ಕಾರ್ಡಿನ ನೆರವಿಲ್ಲದೆ ಒಂದೊಂದು ಪದದ ತುಣುಕು ಬರೆಯಲೂ ತನ್ನ ಇಡೀ ಗಾತ್ರವನ್ನು ರ‍್ಯಾಮಿನಿಂದ ಓದಬೇಕಾಗುವುದರಿಂದ, ರೈಜನ್‌ನಲ್ಲಿ ಅದರ ಮೇಲ್ಮಿತಿ ಸೆಕೆಂಡಿಗೆ ಎರಡು ತುಣುಕು, ಎಪಿಕ್‌ನಲ್ಲಿ ಹನ್ನೊಂದು. ಆದರೂ ಒಂದು ಮಾತು ಗಮನಿಸಬೇಕು. ಈ ಹರಿವನ್ನು ಕೋರ್‌ಗಳಿಗೆ ಹಂಚಿದರೆ ರೈಜನ್‌ನ ಪ್ರತಿ ಕೋರ್‌ಗೆ 5.2 ಜಿಬಿ, ಎಪಿಕ್‌ನ ಪ್ರತಿ ಕೋರ್‌ಗೆ 4.8 ಜಿಬಿ ಬರುತ್ತದೆ. ಹನ್ನೆರಡು ಚಾನೆಲ್‌ಗಳಿರುವುದು ತೊಂಬತ್ತಾರು ಬಾಯಿಗಳಿಗೆ ಉಣಿಸಲಿಕ್ಕೆ. ಒಬ್ಬರೇ ಕೂತು ಮಾಡುವ ಸಾಮಾನ್ಯ ಕೆಲಸ ಆ ಚಾನೆಲ್‌ಗಳನ್ನು ತುಂಬಿಸುವುದೇ ಇಲ್ಲ. 32 ಅಥವಾ 64 ಜಿಬಿ ರ‍್ಯಾಮಿನಲ್ಲಿ ಮುಗಿಯುವ ಕೆಲಸಕ್ಕೆ 6 ಟಿಬಿಯ ಅವಕಾಶದಿಂದ ಯಾವ ಉಪಯೋಗವೂ ಇಲ್ಲ.

ಸರ್ವರ್ ಪರವಾದ ವಾದಗಳಲ್ಲಿ ನಾನು ಎಲ್ಲಕ್ಕಿಂತ ಗೌರವದಿಂದ ಕಾಣುವುದು ಇಸಿಸಿ ಮೆಮೊರಿಯನ್ನು, ಅಂದರೆ ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವ ರ‍್ಯಾಮನ್ನು. ರ‍್ಯಾಮಿನಲ್ಲಿ ಕೂತ ಸೊನ್ನೆ ಕೆಲವೊಮ್ಮೆ ತಾನಾಗಿ ಒಂದಾಗಿಬಿಡುತ್ತದೆ, ಒಂದು ಸೊನ್ನೆಯಾಗುತ್ತದೆ. ವಿಶ್ವಕಿರಣಗಳು, ಚಿಪ್ಪಿನ ದೋಷ, ಸವಕಳಿ, ಹೀಗೆ ಕಾರಣಗಳು ಹಲವು. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್ ಪಟ್ಟಣದ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳನ್ನು ಯಂತ್ರ ತೋರಿಸಿತು. ಮರುಎಣಿಕೆಯಲ್ಲಿ ಸಿಕ್ಕ ವ್ಯತ್ಯಾಸ ಸರಿಯಾಗಿ 4096. ಅದು ಎರಡರ ಹನ್ನೆರಡನೇ ಘಾತವಾದ್ದರಿಂದ ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಮಗುಚಿದ್ದೇ ಕಾರಣವೆಂದು ತಜ್ಞರು ಅನುಮಾನಿಸಿದರು. 2009ರಲ್ಲಿ ಗೂಗಲ್ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಗೂಗಲ್‌ನ ಸರ್ವರುಗಳ ದಾಖಲೆ ಪರಿಶೀಲಿಸಿದಾಗ, ವರ್ಷವೊಂದರಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ಒಂದಾದರೂ ದೋಷ ಕಂಡುಬಂದಿತ್ತು. ಅದಕ್ಕೂ ಮೊದಲಿನ ಅಂದಾಜುಗಳಿಗೆ ಹೋಲಿಸಿದರೆ ಇದು ಬಹಳ ಹೆಚ್ಚು. ಪರಿಹಾರ ಮಾತ್ರ ಹಳೆಯದು. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಗಣಿತದ ಆಧಾರದ ಮೇಲೆ, 64 ಬಿಟ್ ಮಾಹಿತಿಯ ಜೊತೆಗೆ 8 ಕಾವಲು ಬಿಟ್‌ಗಳನ್ನು ಇಟ್ಟರೆ ಒಂದು ತಪ್ಪನ್ನು ತಿದ್ದಬಹುದು, ಎರಡು ತಪ್ಪುಗಳನ್ನು ಪತ್ತೆಹಚ್ಚಬಹುದು. ಲೆಕ್ಕಪತ್ರ, ಸಂಶೋಧನೆಯ ಅಂಕಿಅಂಶ, ವರ್ಷಗಟ್ಟಲೆ ಕಾಪಾಡಬೇಕಾದ ಫೋಟೊ, ದಾಖಲೆ ಇವುಗಳೊಂದಿಗೆ ಕೆಲಸ ಮಾಡುವವರು ಇಸಿಸಿ ಬಯಸುವುದು ನ್ಯಾಯವೇ ಆಗಿದೆ. ಕಂಪ್ಯೂಟರ್ ಕೆಟ್ಟು ನಿಂತರೆ ಗೊತ್ತಾಗುತ್ತದೆ. ಮಾಹಿತಿ ಸದ್ದಿಲ್ಲದೆ ಕೆಟ್ಟರೆ ಗೊತ್ತಾಗುವ ಹೊತ್ತಿಗೆ ಬ್ಯಾಕಪ್‌ನಲ್ಲೂ ಕೆಟ್ಟದ್ದೇ ಕೂತಿರುತ್ತದೆ.

ಆದರೆ ಇಸಿಸಿ ಬೇಕೆಂದರೆ ಸರ್ವರ್ ಪ್ರೊಸೆಸರನ್ನೇ ಕೊಳ್ಳಬೇಕೆಂಬುದು ಈಗ ಸತ್ಯವಲ್ಲ. ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಬಹಳಷ್ಟಕ್ಕೆ ಇಸಿಸಿ ಬಳಸುವ ಶಕ್ತಿಯಿದೆ, ಮದರ್‌ಬೋರ್ಡ್ ತಯಾರಕರು ಅದಕ್ಕೆ ಅನುವು ಮಾಡಿಕೊಟ್ಟಿರಬೇಕು ಅಷ್ಟೆ. ಇಂಟೆಲ್ ಹಲವು ವರ್ಷ ಇದನ್ನು ಬಹುಮಟ್ಟಿಗೆ ಜಿಯಾನ್ ಖರೀದಿಸುವವರಿಗೇ ಮೀಸಲಿಟ್ಟಿತ್ತು. ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ 2021ರಲ್ಲಿ ಈ ನೀತಿಯನ್ನು ಬಹಿರಂಗವಾಗಿ, ಕಟುವಾಗಿ ಖಂಡಿಸಿದ್ದರು. ಹನ್ನೆರಡನೇ ಪೀಳಿಗೆಯಿಂದೀಚೆಗೆ ಡಬ್ಲ್ಯು680 ಚಿಪ್‌ಸೆಟ್ಟಿನ ಬೋರ್ಡಿನ ಜೊತೆ ಇಂಟೆಲ್‌ನ ‘ಕೋರ್’ ಹೆಸರಿನ ಅನೇಕ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲೂ ಇಸಿಸಿ ಸಿಗುತ್ತದೆ. ಕೊಳ್ಳುವಾಗ ಒಂದು ಎಚ್ಚರ ಬೇಕು. ಡಿಡಿಆರ್5 ರ‍್ಯಾಮಿನ ಪೆಟ್ಟಿಗೆಯ ಮೇಲೆ ಕಾಣುವ ‘ಆನ್-ಡೈ ಇಸಿಸಿ’ ಚಿಪ್ಪಿನ ಒಳಗಿನ ತಪ್ಪನ್ನಷ್ಟೇ ಸರಿಪಡಿಸುತ್ತದೆ, ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯನ್ನು ಕಾಯುವುದಿಲ್ಲ. ಅದನ್ನು ಪೂರ್ಣ ಇಸಿಸಿ ಎಂದು ನಂಬಬಾರದು. ಹೆಸರಿನ ಮೋಹ ಎಷ್ಟು ಪೊಳ್ಳೆಂಬುದಕ್ಕೆ ಇನ್ನೂ ಸ್ಪಷ್ಟವಾದ ಸಾಕ್ಷಿ 2024ರ ಮೇ ತಿಂಗಳಲ್ಲಿ ಬಂತು. ಎಎಂಡಿ ಸಣ್ಣ ಉದ್ಯಮಗಳಿಗೆಂದು ಎಪಿಕ್ 4004 ಸರಣಿ ಹೊರತಂದಿತು. ಅದರ ತುದಿಯ ಮಾದರಿ ಎಪಿಕ್ 4564ಪಿ. 16 ಕೋರ್, 5.7 ಗಿಗಾಹರ್ಟ್ಸ್, 170 ವಾಟ್, 699 ಡಾಲರ್, ಕೂರುವುದು ರೈಜನ್ ಕೂರುವ ಎಎಂ5 ಸಾಕೆಟ್ಟಿನಲ್ಲೇ. ಇಸಿಸಿಗೆ ಕಂಪನಿಯ ಅಧಿಕೃತ ಖಾತರಿ ಸೇರಿಸಿ, ರೈಜನ್ 7950ಎಕ್ಸ್‌ಗೆ ಸರ್ವರ್ ಹೆಸರಿಟ್ಟು ಮಾರಿದಂತಿದೆ ಅದು. ಇಸಿಸಿ ಒಂದು ಗುಣ. ಅದನ್ನು ಗುಣವಾಗಿಯೇ ಹೆಸರಿಸಿ ಕೇಳಿ ಪಡೆಯಬೇಕು, ಪ್ರೊಸೆಸರಿನ ಬಿರುದನ್ನು ಕೊಂಡು ಗುಣವೂ ಬಂದಿತೆಂದು ಸಮಾಧಾನ ಪಟ್ಟುಕೊಳ್ಳಬಾರದು.

‘ನನ್ನ ಯಂತ್ರ ಹಗಲಿರುಳು ಓಡಬೇಕು, ಡೆಸ್ಕ್‌ಟಾಪ್ ಪ್ರೊಸೆಸರ್ ತಡೆದುಕೊಳ್ಳುತ್ತದೆಯೇ’ ಎಂಬುದು ಮುಂದಿನ ಆಕ್ಷೇಪ. ಇದಕ್ಕೆ ಬಲ ಕೊಡುವ ಘಟನೆಯೂ ಇದೆ. ಇಂಟೆಲ್‌ನ ಹದಿಮೂರು ಮತ್ತು ಹದಿನಾಲ್ಕನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹಲವು ಕೆಲ ತಿಂಗಳ ಬಳಕೆಯಲ್ಲೇ ಅಸ್ಥಿರವಾದವು. 2024ರಲ್ಲಿ ಕಂಪನಿಯೇ ಅದನ್ನು ಒಪ್ಪಿಕೊಂಡು, ಮೈಕ್ರೊಕೋಡ್ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಅಲ್ಲಿ ಹಾನಿ ಮಾಡಿದ್ದು ಮಿತಿಮೀರಿದ ವೋಲ್ಟೇಜ್. ತುತ್ತತುದಿಯ ವೇಗ ಹಿಂಡುವ ಪೈಪೋಟಿಗೆ ಬಿದ್ದರೆ ಹೀಗಾಗುತ್ತದೆ ಎಂಬುದು ಅದರ ಪಾಠ. ಸರ್ವರ್ ವರ್ಗದ ಪ್ರೊಸೆಸರುಗಳೂ ಇಂಥ ದೋಷದಿಂದ ಹೊರತಲ್ಲ. ನೆಟ್‌ವರ್ಕ್ ಉಪಕರಣ, ಸ್ಟೋರೇಜ್ ಪೆಟ್ಟಿಗೆ, ಸಣ್ಣ ಸರ್ವರುಗಳಿಗೆಂದೇ ಇಂಟೆಲ್ ಮಾಡಿದ ಆಟಮ್ ಸಿ2000 ಸರಣಿಯಲ್ಲಿ ಗಡಿಯಾರದ ಸಂಕೇತ ಕೊಡುವ ಭಾಗವೇ ಕಾಲಕ್ರಮದಲ್ಲಿ ಸವೆದು, ಉಪಕರಣಗಳು ಮತ್ತೆ ಏಳದಂತೆ ಬಿದ್ದದ್ದು 2017ರಲ್ಲಿ ಬಯಲಾಯಿತು. ಸರ್ವರುಗಳ ನಂಬಿಕಸ್ತಿಕೆ ಬಹುಪಾಲು ಬರುವುದು ಪ್ರೊಸೆಸರಿನ ಸುತ್ತಲಿನ ಏರ್ಪಾಟಿನಿಂದ. ಜೋಡಿ ಪವರ್ ಸಪ್ಲೈ, ತಂಪಾದ ಕೋಣೆ, ಧೂಳಿಲ್ಲದ ಗಾಳಿ, ದೂರದಿಂದಲೇ ಯಂತ್ರವನ್ನು ಗಮನಿಸುವ ವ್ಯವಸ್ಥೆ, ತಡಮಾಡದೆ ಬರುವ ತಂತ್ರಜ್ಞ. ಮನೆ-ಕಚೇರಿಯಲ್ಲಿ ಆ ಏರ್ಪಾಟಿನ ಜಾಗದಲ್ಲಿ ಒಳ್ಳೆಯ ಪವರ್ ಸಪ್ಲೈ, ಯುಪಿಎಸ್, ವರ್ಷಕ್ಕೆರಡು ಸಲ ಧೂಳು ತೆಗೆಯುವ ಅಭ್ಯಾಸ ಇರಬೇಕು. 65 ವಾಟ್ ವರ್ಗದ ಡೆಸ್ಕ್‌ಟಾಪ್ ಪ್ರೊಸೆಸರನ್ನು ಇಂಥ ಏರ್ಪಾಟಿನಲ್ಲಿಟ್ಟರೆ ಅದು ವರ್ಷಗಟ್ಟಲೆ ಓಡುತ್ತದೆ. ವೋಲ್ಟೇಜ್ ಏರಿಳಿತಕ್ಕೆ ಒಡ್ಡಿಕೊಂಡ ಜಿಯಾನ್ ಆ ಭಾಗ್ಯ ಕಾಣುವುದಿಲ್ಲ.

ಸೆಕೆಂಡ್ ಹ್ಯಾಂಡ್ ಜಿಯಾನ್‌ನ ಆಕರ್ಷಣೆಯನ್ನು ಬೇರೆಯಾಗಿಯೇ ನೋಡಬೇಕು. ಅದಕ್ಕೊಂದು ಕಾಲವಿತ್ತು. 2013ರ ಜಿಯಾನ್ ಇ3-1230 ವಿ3 ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿನಲ್ಲೇ ಕೂರುತ್ತಿತ್ತು, ಕೋರ್ ಐ7ಗೆ ಸರಿಸಮನಾದ ಕೆಲಸವನ್ನು ಕಡಿಮೆ ಬೆಲೆಗೆ ಮಾಡುತ್ತಿತ್ತು. ಬಲ್ಲವರು ಅದನ್ನು ಹುಡುಕಿ ಕೊಂಡದ್ದು ಜಾಣತನವೇ ಆಗಿತ್ತು. 2015ರ ಸರಣಿಯಿಂದ ಇಂಟೆಲ್ ಆ ದಾರಿ ಮುಚ್ಚಿ, ಇ3 ಜಿಯಾನ್‌ಗೆ ಅದರದೇ ಚಿಪ್‌ಸೆಟ್ ಬೇಕೆಂದಿತು. ಇವತ್ತು ಅಗ್ಗಕ್ಕೆ ಸಿಗುವ ಇ5-2680 ವಿ4 ಅಂಥವು ಡೇಟಾ ಸೆಂಟರುಗಳು ಬಳಸಿ ಬಿಟ್ಟ 2016ರ ಪ್ರೊಸೆಸರುಗಳು. 14 ಕೋರ್, 120 ವಾಟ್, ಗರಿಷ್ಠ 3.3 ಗಿಗಾಹರ್ಟ್ಸ್. ಆರೇ ಕೋರ್‌ಗಳ, 65 ವಾಟ್‌ನ ರೈಜನ್ 5 7600 ಒಂದು ಕೋರ್‌ನ ಕೆಲಸದಲ್ಲಿ ಅದಕ್ಕಿಂತ ಸುಮಾರು ಎರಡು ಪಟ್ಟು ಚುರುಕು. ಎಲ್ಲ ಕೋರ್‌ಗಳನ್ನೂ ದುಡಿಸಿದ ಪರೀಕ್ಷೆಗಳಲ್ಲೂ ಆ ಆರು ಕೋರ್‌ಗಳು ಹದಿನಾಲ್ಕನ್ನು ಹಿಂದೆ ಹಾಕುತ್ತವೆ. ಅದರ ಮೇಲೆ ತಂತ್ರಾಂಶದ ತೊಡಕೂ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಷ್ಟು ಹಳೆಯ ಜಿಯಾನ್‌ಗೆ ಜಾಗವಿಲ್ಲ. ಲಿನಕ್ಸ್ ಬಲ್ಲ ವಿದ್ಯಾರ್ಥಿ ಹಲವು ವರ್ಚುವಲ್ ಯಂತ್ರಗಳನ್ನು ಕಟ್ಟಿ ಕಲಿಯಲು, ಅಗ್ಗದ ರ‍್ಯಾಮನ್ನು ರಾಶಿ ಹಾಕಿಕೊಳ್ಳಲು ಇದನ್ನು ಕೊಂಡರೆ ಅದಕ್ಕೊಂದು ಅರ್ಥವಿದೆ. ಮನೆಯ ದಿನಬಳಕೆಗೆ ಕೊಂಡರೆ ಅಂಗಡಿಯಲ್ಲಿ ಉಳಿದ ದುಡ್ಡು ವಿದ್ಯುತ್ ಬಿಲ್ಲಿನಲ್ಲೂ ಕಾಯುವಿಕೆಯಲ್ಲೂ ಕರಗಿಹೋಗುತ್ತದೆ.

ಹೊಸ ಸರ್ವರ್ ಪ್ರೊಸೆಸರಿಗಾದರೂ ಬಿಲ್ಲು ಪ್ರೊಸೆಸರಿನ ಬೆಲೆಗೆ ನಿಲ್ಲುವುದಿಲ್ಲ. ಎಪಿಕ್ 9654 ಕೂರುವ ಸಾಕೆಟ್ಟಿನಲ್ಲಿ 6096 ಸಂಪರ್ಕ ಬಿಂದುಗಳಿವೆ, ರೈಜನ್‌ನದರಲ್ಲಿ 1718. ಆ ದೊಡ್ಡ ಸಾಕೆಟ್ಟಿನ ಬೋರ್ಡು ದುಬಾರಿ, ಮಾಮೂಲಿ ಅಂಗಡಿಯಲ್ಲಿ ಸಿಗುವುದೂ ಕಷ್ಟ. ಅದಕ್ಕೆ ರಿಜಿಸ್ಟರ್ಡ್ ಬಗೆಯ ರ‍್ಯಾಮೇ ಬೇಕು, ಡೆಸ್ಕ್‌ಟಾಪಿನ ಡಿಡಿಆರ್5 ಪಟ್ಟಿ ಅದರ ಸ್ಲಾಟಿಗೆ ಹೊಂದುವುದೇ ಇಲ್ಲ. ಚಾನೆಲ್‌ಗಳ ಪ್ರಯೋಜನ ಪೂರ್ತಿ ಸಿಗಬೇಕಾದರೆ ಹನ್ನೆರಡು ಪಟ್ಟಿಗಳನ್ನೂ ತುಂಬಬೇಕು. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದ್ದರಿಂದ ದಿನದ ಬಳಕೆಗೆ ಬೇರೆ ಕಾರ್ಡು ತರಬೇಕು. ರ‍್ಯಾಕ್‌ನಲ್ಲಿ ಕೂರುವ ಸರ್ವರಾದರೆ ಅದರ ಪುಟ್ಟ ಫ್ಯಾನುಗಳ ಕಿರುಚು ಸದ್ದಿನ ಪಕ್ಕ ಕೂತು ಯಾರೂ ಕೆಲಸ ಮಾಡಲಾರರು. ಸ್ವಿಚ್ ಒತ್ತಿದ ಮೇಲೆ ರ‍್ಯಾಮನ್ನೆಲ್ಲ ಪರೀಕ್ಷಿಸಿ ಎದ್ದು ನಿಲ್ಲಲು ಸರ್ವರಿಗೆ ನಿಮಿಷಗಳೇ ಬೇಕು. ವರ್ಷಕ್ಕೊಮ್ಮೆ ಮರುಚಾಲನೆ ಕಾಣುವ ಯಂತ್ರಕ್ಕೆ ಅದೇನೂ ಕೊರತೆಯಲ್ಲ, ಪ್ರತಿ ಬೆಳಿಗ್ಗೆ ಆನ್ ಮಾಡುವವರಿಗೆ ಕೊರತೆಯೇ. ವಿದ್ಯುತ್ತಿನ ಲೆಕ್ಕವನ್ನೂ ಹಾಕಿಬಿಡೋಣ. ಸದಾ ಓಡುವ ಯಂತ್ರವೊಂದು ಇನ್ನೊಂದಕ್ಕಿಂತ ಬರೀ 100 ವಾಟ್ ಹೆಚ್ಚು ಎಳೆದರೂ ವರ್ಷಕ್ಕೆ 876 ಯೂನಿಟ್ ಹೆಚ್ಚಾಗುತ್ತದೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 6,132 ರೂಪಾಯಿ, ಐದು ವರ್ಷಕ್ಕೆ 30,000 ರೂಪಾಯಿಗೂ ಮೇಲೆ. ಆ ಹಣದಲ್ಲಿ ಒಳ್ಳೆಯ ಡೆಸ್ಕ್‌ಟಾಪ್ ಪ್ರೊಸೆಸರೊಂದನ್ನು ಹೊಸದಾಗಿಯೇ ಕೊಳ್ಳಬಹುದು.

ಹಾಗೆಂದು ಸರ್ವರ್ ಪ್ರೊಸೆಸರ್ ಯಾರಿಗೂ ಬೇಡವೆಂಬುದು ನನ್ನ ವಾದವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಕೆಲಸ ಮಾಡುತ್ತಿರುವ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರನ್ನು ಜಿಯಾನ್ ಪ್ರೊಸೆಸರುಗಳಿಂದ ಕಟ್ಟಿರುವುದಕ್ಕೆ ತಕ್ಕ ಕಾರಣವಿದೆ. ಅಲ್ಲಿ ಹಲವು ಸಂಶೋಧಕರ ಹಂಚಬಲ್ಲ ಲೆಕ್ಕಗಳು ಏಕಕಾಲಕ್ಕೆ ಸಾಗುತ್ತವೆ. ಆಸ್ಪತ್ರೆಯೊಂದರ ಎಲ್ಲ ವಿಭಾಗಗಳ ದಾಖಲೆ ಒಂದೇ ಯಂತ್ರದಲ್ಲಿರಬೇಕಾದರೆ, ಸಾಫ್ಟ್‌ವೇರ್ ಕಂಪನಿಯೊಂದು ಒಂದೇ ಪೆಟ್ಟಿಗೆಯಲ್ಲಿ ಐವತ್ತು ವರ್ಚುವಲ್ ಯಂತ್ರ ನಡೆಸಬೇಕಾದರೆ, ನೂರಾರು ಜಿಬಿ ಗಾತ್ರದ ಡೇಟಾಬೇಸನ್ನು ರ‍್ಯಾಮಿನಲ್ಲೇ ಇಟ್ಟುಕೊಳ್ಳಬೇಕಾದರೆ, ನಾಲ್ಕು ಗ್ರಾಫಿಕ್ಸ್ ಕಾರ್ಡುಗಳನ್ನು ಪೂರ್ಣ ವೇಗದಲ್ಲಿ ದುಡಿಸಬೇಕಾದರೆ ಡೆಸ್ಕ್‌ಟಾಪ್ ಪ್ರೊಸೆಸರ್ ಸಾಲದು. ಅಲ್ಲಿ ಅಗ್ಗದ್ದನ್ನು ಹುಡುಕುವುದೇ ದುಬಾರಿಯಾಗುತ್ತದೆ. ಈ ಎರಡರ ನಡುವೆ ವರ್ಕ್‌ಸ್ಟೇಷನ್ ಎಂಬ ವರ್ಗವೂ ಇದೆ. 2023ರ ಕೊನೆಯಲ್ಲಿ ಬಂದ ಎಎಂಡಿಯ ಥ್ರೆಡ್‌ರಿಪ್ಪರ್ 7000 ಸರಣಿ 64 ಕೋರ್‌ಗಳವರೆಗೆ ಕೊಟ್ಟೂ 5 ಗಿಗಾಹರ್ಟ್ಸ್ ದಾಟುತ್ತದೆ, ಮೆಮೊರಿಗೆ ನಾಲ್ಕು ಚಾನೆಲ್ ಕೊಡುತ್ತದೆ. ಅದರ ಪ್ರೊ ಆವೃತ್ತಿಯಲ್ಲಿ ಎಂಟು ಚಾನೆಲ್‌ಗಳಿವೆ. ಇಂಟೆಲ್‌ನ ಜಿಯಾನ್ ಡಬ್ಲ್ಯು ಕೂಡ ಇದೇ ಕೇರಿಯದು. ಅನಿಮೇಷನ್ ಸ್ಟುಡಿಯೊ, ಕಟ್ಟಡ-ಯಂತ್ರಗಳ ಸಿಮ್ಯುಲೇಷನ್ ಮಾಡುವ ಎಂಜಿನಿಯರು, ದೊಡ್ಡ ತಂತ್ರಾಂಶಗಳನ್ನು ದಿನಕ್ಕೆ ಹಲವು ಬಾರಿ ಕಂಪೈಲ್ ಮಾಡುವವರು ನಿಲ್ಲಬೇಕಾದ ಜಾಗ ಅದು. ಅವರಿಗೆ ಉಳಿಯುವ ಒಂದೊಂದು ಗಂಟೆಗೂ ಬೆಲೆಯಿದೆ, ಆ ಬೆಲೆ ಪ್ರೊಸೆಸರಿನ ಬೆಲೆಯನ್ನು ತೀರಿಸುತ್ತದೆ.

ಕೊನೆಯ ಆಕ್ಷೇಪ, ‘ಈಗ ಬೇಡದಿದ್ದರೂ ಮುಂದೆ ಬೇಕಾಗಬಹುದು, ದೊಡ್ಡದನ್ನೇ ಕೊಂಡುಬಿಟ್ಟರೆ ನಿಶ್ಚಿಂತೆ’ ಎಂಬುದು. ಜಮೀನಿನ, ಬಂಗಾರದ ವಿಷಯದಲ್ಲಿ ಒಪ್ಪುವ ಈ ಮಾತು ಪ್ರೊಸೆಸರಿಗೆ ಒಪ್ಪುವುದಿಲ್ಲ. ಕೋರ್‌ಗಳ ವಿನ್ಯಾಸ ಪೀಳಿಗೆಯಿಂದ ಪೀಳಿಗೆಗೆ ಸುಧಾರಿಸುತ್ತಲೇ ಇದೆ. 2016ರ ಹದಿನಾಲ್ಕು ಕೋರ್‌ಗಳನ್ನು 2023ರ ಆರು ಕೋರ್‌ಗಳು ಮೀರಿಸಿದ್ದು ಅದಕ್ಕೆ ಸಾಕ್ಷಿ. ಮುಂದಿನ ಅಗತ್ಯಕ್ಕೆಂದು ಇವತ್ತು ಕೂಡಿಟ್ಟ ಕೋರ್‌ಗಳು, ಆ ಅಗತ್ಯ ಬರುವ ಹೊತ್ತಿಗೆ ಹಳಸಿರುತ್ತವೆ. ಭವಿಷ್ಯವನ್ನು ನಿಜವಾಗಿ ಕಾಯುವುದು ಬದಲಾಯಿಸಿಕೊಳ್ಳುವ ಅನುಕೂಲ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ 2017ರ ಅನೇಕ ಬೋರ್ಡುಗಳು ಬಯಾಸ್ ನವೀಕರಣ ಪಡೆದು 2022ರ ರೈಜನ್ 7 5800ಎಕ್ಸ್3ಡಿಯನ್ನು ಕೂರಿಸಿಕೊಂಡವು. ಸಾಧಾರಣ ಪ್ರೊಸೆಸರಿನಿಂದ ಶುರುಮಾಡಿ ಐದು ವರ್ಷದ ಮೇಲೆ ಅದೇ ಬೋರ್ಡಿನಲ್ಲಿ ಮೇಲಿನದಕ್ಕೆ ಏರಿದವರು, ಮೊದಲೇ ದೊಡ್ಡದನ್ನು ಕೊಂಡವರಿಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ವೇಗ ಪಡೆದರು.

ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಹೀಗಾಗಿ ಸರಳವಾಗಿದೆ, ಅದಕ್ಕೆ ಖರ್ಚೂ ಇಲ್ಲ. ಈಗಿರುವ ಕಂಪ್ಯೂಟರಿನಲ್ಲಿ ನಿಮ್ಮ ನಿತ್ಯದ ಅತಿ ಭಾರದ ಕೆಲಸವನ್ನು ಹಚ್ಚಿ, ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಒಂದೆರಡು ಕೋರ್‌ಗಳು ಮಾತ್ರ ತುಂಬಿ ಉಳಿದವು ಖಾಲಿ ಇದ್ದರೆ ನಿಮಗೆ ಬೇಕಿರುವುದು ವೇಗದ ಕೋರ್, ಆರು ಅಥವಾ ಎಂಟು ಸಾಕು. ಎಲ್ಲ ಕೋರ್‌ಗಳೂ ಗಂಟೆಗಟ್ಟಲೆ ನೂರಕ್ಕೆ ನೂರು ತುಂಬಿದ್ದರೆ ಹನ್ನೆರಡು, ಹದಿನಾರು ಕೋರ್‌ಗಳ ಡೆಸ್ಕ್‌ಟಾಪ್ ಪ್ರೊಸೆಸರ್ ನೋಡಿ. ಅದೂ ಸಾಲದೆಂದು ಅಳೆದು ಕಂಡ ಮೇಲೆ ವರ್ಕ್‌ಸ್ಟೇಷನ್‌ಗೆ ಹೋಗಿ. ರ‍್ಯಾಮ್ ತುಂಬಿ ಯಂತ್ರ ಏದುಸಿರು ಬಿಡುತ್ತಿದ್ದರೆ ಪ್ರೊಸೆಸರನ್ನು ಮುಟ್ಟದೆ ರ‍್ಯಾಮ್ ಹೆಚ್ಚಿಸಿ. ಮಾಹಿತಿ ಕೆಡಬಾರದೆಂಬ ಕಾಳಜಿಯಿದ್ದರೆ ಇಸಿಸಿ ಒಪ್ಪುವ ಬೋರ್ಡನ್ನು ಹೆಸರು ಹಿಡಿದು ಕೇಳಿ. ಸರ್ವರ್ ಪ್ರೊಸೆಸರನ್ನು ಕೈಬಿಟ್ಟು ಉಳಿದ ಹಣವನ್ನು ವೇಗದ ಎಸ್‌ಎಸ್‌ಡಿಗೆ, ಯುಪಿಎಸ್‌ಗೆ, ಬೇರೆ ಕಡೆ ಇಡುವ ಬ್ಯಾಕಪ್ ಡಿಸ್ಕಿಗೆ ಹಾಕಿದರೆ, ಸರ್ವರಿನಿಂದ ಜನ ಬಯಸುವ ನಂಬಿಕೆ ಮತ್ತು ನೆಮ್ಮದಿಯಲ್ಲಿ ಹೆಚ್ಚಿನ ಪಾಲು ಅಲ್ಲಿಂದಲೇ ಬರುತ್ತದೆ. ಸಾವಿರ ಜನರಿಗಾಗಿ ಕಟ್ಟಿದ ಯಂತ್ರ ಸಾವಿರ ಜನರ ಕೆಲಸವಿರುವಲ್ಲಿ ಇರಲಿ. ಒಬ್ಬರು ಕೂತು ಕೆಲಸ ಮಾಡುವ ಮೇಜಿಗೆ ಆ ಒಬ್ಬರನ್ನು ಕಾಯಿಸದ ಪ್ರೊಸೆಸರೇ ಸರಿಯಾದದ್ದು.